ಹೊಸ ಡಿಸ್ಕ್ ಹಾಕಿದೆ, ಕಂಪ್ಯೂಟರ್‌ನಲ್ಲಿ ಕಾಣ್ತಾನೇ ಇಲ್ಲ!

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಾರ್ಡ್ ಡಿಸ್ಕ್ ಬಗ್ಗೆಯೇ ಇವೆ. ಮದುವೆ ಸೀಸನ್ ಮುಗಿಯಿತು, ಮಾರ್ಚ್ ಲೆಕ್ಕವೂ ಮುಗಿಯಿತು, ಎಲ್ಲರ ಡಿಸ್ಕೂ ತುಂಬಿ ಕೂತಿದೆ ಅಂತ ಕಾಣುತ್ತದೆ. ಮೊಬೈಲ್, ಪ್ರಿಂಟರ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದನ್ನೇ ಹಿಡಿದಿದ್ದೇನೆ.

ಮೇಡಂ, ಗುಳೇದಗುಡ್ಡದಲ್ಲಿ ನಮ್ಮದೊಂದು ಸಣ್ಣ ಫೋಟೊ ಸ್ಟುಡಿಯೋ ಇದೆ. ಕಂಪ್ಯೂಟರ್‌ನಲ್ಲಿ ಇರೋದು 500 ಜಿಬಿ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ, ಚಿಪ್‌ನ ಡಿಸ್ಕ್) ಒಂದೇ. ಎರಡು ಮದುವೆ ಎಡಿಟ್ ಮಾಡೋಷ್ಟರಲ್ಲಿ ಸಿ ಡ್ರೈವ್ ಕೆಂಪಾಗುತ್ತೆ. ಅದಕ್ಕೆ 4 ಟಿಬಿ ಹಾರ್ಡ್ ಡಿಸ್ಕ್ ತಂದು ನಾನೇ ಕೂರಿಸಿದೆ. ಡಿಸ್ಕ್ ತಿರುಗೋ ಸದ್ದು ಕೇಳುತ್ತೆ. ಆದರೆ ‘ದಿಸ್ ಪಿಸಿ’ ತೆಗೆದರೆ ಸಿ ಬಿಟ್ಟು ಬೇರೇನೂ ಇಲ್ಲ. ಡಿಸ್ಕ್ ಕೆಟ್ಟಿದೆಯಾ? ವಾಪಸ್ ಕೊಡಲಾ? — ಫೋಟೊಗ್ರಾಫರ್, ಗುಳೇದಗುಡ್ಡ

ವಾಪಸ್ ಕೊಡಬೇಡಿ ಸರ್. ಡಿಸ್ಕ್ ಬಹುಶಃ ಚೆನ್ನಾಗೇ ಇದೆ. ಕಾರ್ಖಾನೆಯಿಂದ ಬಂದ ಹೊಸ ಡಿಸ್ಕ್‌ನಲ್ಲಿ ಏನೂ ಬರೆದಿರುವುದಿಲ್ಲ. ವಿಂಡೋಸ್ ಅದಕ್ಕೆ ತಾನಾಗಿ ಡಿ, ಇ ಅಂತ ಅಕ್ಷರ ಕೊಡುವುದೂ ಇಲ್ಲ. ನೀವೇ ಹೇಳಬೇಕು.

ಮೊದಲು ಬಯಾಸ್ ನೋಡಿಕೊಳ್ಳಿ, ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ ಅದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಇರಿ, ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಫ್2. ಅಲ್ಲಿನ ಪಟ್ಟಿಯಲ್ಲಿ ಹೊಸ ಡಿಸ್ಕ್‌ನ ಹೆಸರು ಕಂಡರೆ ವೈರಿಂಗ್ ಸರಿ ಇದೆ, ಉಳಿದಿರೋದು ವಿಂಡೋಸ್ ಕೆಲಸ. ಅಲ್ಲೂ ಕಾಣದಿದ್ದರೆ ಡೇಟಾ ಕೇಬಲ್ ಸಡಿಲ ಇದೆ, ಇಲ್ಲವೇ ನೀವು ಹಾಕಿದ ಪೋರ್ಟ್ ಕೆಲಸ ಮಾಡುತ್ತಿಲ್ಲ. ತಿರುಗೋ ಸದ್ದು ಬರುತ್ತಿದೆ ಅಂದರೆ ಕರೆಂಟ್ ಹೋಗುತ್ತಿದೆ ಅಂತಷ್ಟೇ ಅರ್ಥ. ಡೇಟಾ ಕೇಬಲ್ ಬೇರೆ, ಪವರ್ ಕೇಬಲ್ ಬೇರೆ.

ಪೋರ್ಟ್ ವಿಷಯದಲ್ಲಿ ಒಂದು ತೊಡಕಿದೆ. ನಿಮ್ಮ ಎಸ್‌ಎಸ್‌ಡಿ ಉದ್ದನೆಯ ಚಿಕ್ಕ ಪಟ್ಟಿಯ ಹಾಗೆ ಮದರ್‌ಬೋರ್ಡ್ ಮೇಲೇ ಮಲಗಿದ್ದರೆ ಅದು ಎಂ.2. ಕೆಲವು ಬೋರ್ಡ್‌ಗಳಲ್ಲಿ ಎಂ.2 ಜಾಗ ತುಂಬಿದರೆ ಒಂದೋ ಎರಡೋ ಸಾಟಾ ಪೋರ್ಟ್ (ಡಿಸ್ಕ್‌ನ ಡೇಟಾ ಕೇಬಲ್ ಸಿಕ್ಕಿಸುವ ಬಾಯಿ) ತಾನಾಗಿ ಬಂದ್ ಆಗುತ್ತವೆ. ಯಾವುದು ಅಂತ ಬೋರ್ಡ್‌ನ ಪುಸ್ತಕದಲ್ಲಿ ಬರೆದಿರುತ್ತಾರೆ. ಪುಸ್ತಕ ಯಾರ ಹತ್ತಿರ ಉಳಿದಿರುತ್ತೆ ಹೇಳಿ! ಸುಮ್ನೆ ಕೇಬಲ್ ಕಿತ್ತು ಪಕ್ಕದ ಪೋರ್ಟ್‌ಗೆ ಹಾಕಿ ನೋಡಿ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದ ಮೇಲೆ.

ಬಯಾಸ್‌ನಲ್ಲಿ ಕಂಡಿತು ಅಂತ ಇಟ್ಟುಕೊಳ್ಳೋಣ. ವಿಂಡೋಸ್‌ಗೆ ಬನ್ನಿ. ಸ್ಟಾರ್ಟ್ ಗುಂಡಿ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆಗೆಯಿರಿ. ತೆಗೆದ ತಕ್ಷಣ ಒಂದು ಸಣ್ಣ ಪೆಟ್ಟಿಗೆ ಎದ್ದು ‘ಇನಿಷಿಯಲೈಸ್ ಡಿಸ್ಕ್’ ಎನ್ನುತ್ತದೆ, ಎಂಬಿಆರ್ ಬೇಕಾ ಜಿಪಿಟಿ ಬೇಕಾ ಅಂತ ಕೇಳುತ್ತದೆ. ನೀವು ಜಿಪಿಟಿಯನ್ನೇ ಒತ್ತಿ. ಎರಡೂ ಡಿಸ್ಕ್‌ನ ಭಾಗಗಳ ಲೆಕ್ಕ ಬರೆದಿಡುವ ಪದ್ಧತಿ, ಎಂಬಿಆರ್ ಹಳೆಯದು. ಅದಕ್ಕೆ ಎಣಿಸಲು ಬರೋದೇ ಸುಮಾರು 2 ಟಿಬಿವರೆಗೆ. ಅದನ್ನು ಒತ್ತಿದರೆ ನೀವು ದುಡ್ಡು ಕೊಟ್ಟು ತಂದ 4 ಟಿಬಿಯಲ್ಲಿ ಅರ್ಧ ಬಳಕೆಗೇ ಬರುವುದಿಲ್ಲ. ‘ಅರ್ಧ ಡಿಸ್ಕ್ ಸತ್ತಿದೆ’ ಅಂತ ನನ್ನ ಅಂಗಡಿಗೆ ಬರುವ ದೊಡ್ಡ ಡಿಸ್ಕ್‌ಗಳಲ್ಲಿ ಬಹಳಷ್ಟರ ಕಥೆ ಇಷ್ಟೇ. ಒಳಗೆ ಇನ್ನೂ ಏನೂ ತುಂಬಿಲ್ಲದಿದ್ದರೆ ಪಾರ್ಟಿಷನ್ (ಡಿಸ್ಕ್‌ನಲ್ಲಿ ಮಾಡಿದ ಭಾಗ) ಅಳಿಸಿ, ಡಿಸ್ಕ್ ನಂಬರ್ ಮೇಲೆ ರೈಟ್ ಕ್ಲಿಕ್ ಮಾಡಿ ಜಿಪಿಟಿಗೆ ಬದಲಿಸಿಕೊಳ್ಳಬಹುದು.

ಇದಾದ ಮೇಲೆ ಕೆಳಗಿನ ಅರ್ಧ ಪರದೆಯಲ್ಲಿ ನೋಡಿ. ನಿಮ್ಮ ಎಸ್‌ಎಸ್‌ಡಿ ಎದುರು ನೀಲಿ ಪಟ್ಟಿ ಇರುತ್ತದೆ, ಹೊಸದರ ಎದುರು ಕಪ್ಪು ಪಟ್ಟಿ. ಕಪ್ಪು ಅಂದರೆ ಖಾಲಿ ಜಾಗ. ಆ ಕಪ್ಪು ಪಟ್ಟಿಯ ಕೆಳಗೇ ರೈಟ್ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’ ಒತ್ತಿ. ಅಕ್ಷರ ಕೇಳುತ್ತದೆ, ಕೊಡಿ. ‘ಫೈಲ್ ಸಿಸ್ಟಮ್’ ಎದುರು ಎನ್‌ಟಿಎಫ್‌ಎಸ್ ಇರಲಿ. ‘ಕ್ವಿಕ್ ಫಾರ್ಮ್ಯಾಟ್’ ಟಿಕ್ ಹಾಗೇ ಇರಲಿ. ತೆಗೆದರೆ 4 ಟಿಬಿಯನ್ನು ಮೂಲೆಮೂಲೆ ಉಜ್ಜುತ್ತಾ ಗಂಟೆಗಟ್ಟಲೆ ಕೂರುತ್ತದೆ. ಹೆಸರಿನ ಜಾಗದಲ್ಲಿ ‘ನ್ಯೂ ವಾಲ್ಯೂಮ್’ ಅಂತ ಬಿಡಬೇಡಿ, ‘ಮದುವೆ’ ಅಂತಾದರೂ ಬರೆಯಿರಿ. ನಾಳೆ ಎರಡು ‘ನ್ಯೂ ವಾಲ್ಯೂಮ್’ ಎದುರು ಬಂದು ಕೂತಾಗ ಯಾವುದು ಯಾವುದು ಅಂತ ತಲೆ ಕೆರೆದುಕೊಳ್ಳುವ ಕೆಲಸ ತಪ್ಪುತ್ತದೆ.

ಡಿಸ್ಕ್ 0, ಡಿಸ್ಕ್ 1 ಅನ್ನುವ ನಂಬರ್ ನಂಬಿಕೊಂಡು ಮಾತ್ರ ಏನೂ ಮಾಡಬೇಡಿ. ಹಳೆಯದೇ 0 ಆಗಿರಬೇಕು ಅಂತೇನಿಲ್ಲ. ಸೈಜ್ ನೋಡಿ ಗುರುತಿಸಿ. 465 ಜಿಬಿ ಆಸುಪಾಸಿನದು ನಿಮ್ಮ ವಿಂಡೋಸ್ ಇರುವ ಎಸ್‌ಎಸ್‌ಡಿ. ಅದರ ಹತ್ತಿರ ಹೋಗಲೇಬೇಡಿ.

ಇನ್ನು ಕೂರಿಸಿದ ಬಗೆಯ ಬಗ್ಗೆ ಎರಡು ಮಾತು. ನೀವು ಆಗಲೇ ಕೂರಿಸಿದ್ದೀರಿ, ಆದರೆ ಒಂದು ಸಲ ಪಕ್ಕದ ತಗಡು ತೆಗೆದು ನೋಡಿಬಿಡಿ. ಇನ್ನೂ ಹಾಕದವರೂ ಇದನ್ನು ಓದಲಿ.

ಅಂಗಡಿಯವರು ಕೊಡುವುದು ಬರೀ ಡಿಸ್ಕ್. ಒಂದು ಬೆಳ್ಳಿ ಬಣ್ಣದ ಕವರ್‌ನಲ್ಲಿ ಸುತ್ತಿ ಕೈಗಿಡುತ್ತಾರೆ. ಕೇಬಲ್ ಇರಲ್ಲ, ಸ್ಕ್ರೂ ಇರಲ್ಲ. ಹಾಗಾಗಿ ಅಲ್ಲೇ ಒಂದು ಸಾಟಾ ಕೇಬಲ್, ನಾಲ್ಕು ಸ್ಕ್ರೂ ಕೇಳಿ ತೆಗೆದುಕೊಳ್ಳಿ. ಸ್ಕ್ರೂನಲ್ಲಿ ಎರಡು ಜಾತಿ. ದೊಡ್ಡ ಹಾರ್ಡ್ ಡಿಸ್ಕ್‌ಗೆ ದಪ್ಪ ಮರೆಯ (ಸುತ್ತುಗೆರೆಯ) ಗಿಡ್ಡ ಸ್ಕ್ರೂ ಬೇಕು. ಎಸ್‌ಎಸ್‌ಡಿಗೆ ಮತ್ತು ಲ್ಯಾಪ್‌ಟಾಪ್ ಡಿಸ್ಕ್‌ಗೆ ಸಣ್ಣ ಮರೆಯದು. ಒಂದರ ಜಾಗದಲ್ಲಿ ಇನ್ನೊಂದನ್ನು ಜೋರು ಮಾಡಿ ತಿರುಗಿಸಿದರೆ ಮರೆ ಹೋಗುತ್ತದೆ, ಆಮೇಲೆ ಯಾವ ಸ್ಕ್ರೂವೂ ಹಿಡಿಯುವುದಿಲ್ಲ. ಉದ್ದನೆಯ ಸ್ಕ್ರೂ ಹಾಕಿದರೆ ಒಳಗಿನ ಬೋರ್ಡ್‌ಗೆ ತಾಗುವ ಅಪಾಯ ಬೇರೆ.

ಕ್ಯಾಬಿನೆಟ್ ಬಿಚ್ಚುವ ಮುಂಚೆ ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಇಳಿಯುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ತಗಡು ಮುಟ್ಟಿ ಆಮೇಲೆ ಡಿಸ್ಕ್ ಹಿಡಿಯಿರಿ. ಬಿಸಿಲುಗಾಲದ ಒಣ ಹವೆಯಲ್ಲಿ ಮೈಮೇಲಿನ ಸ್ಥಿರ ವಿದ್ಯುತ್ ಚಿಪ್‌ಗೆ ಹೊಡೆಯಬಾರದು ಅಂತ. ನಮ್ಮ ಕಡೆ ಧೂಳಿನ ಬಗ್ಗೆ ಹೇಳೋದೇ ಬೇಡ. ವಿಜಯಪುರದಲ್ಲಿ ನಾನು ಬಿಚ್ಚುವ ಕ್ಯಾಬಿನೆಟ್‌ಗಳಲ್ಲಿ ಫ್ಯಾನ್‌ನ ರೆಕ್ಕೆ ಕಾಣುವುದೇ ಅಪರೂಪ, ಬರೀ ಬೂದು ಬಣ್ಣದ ಕಂಬಳಿ. ಹೇಗೂ ಬಿಚ್ಚಿದ್ದೀರಿ ಅಲ್ವಾ, ಊದಿಸಿಬಿಡಿ. ಫ್ಯಾನ್ ಗಿರಗಿರ ತಿರುಗದ ಹಾಗೆ ಒಂದು ಬೆರಳು ಅಡ್ಡ ಇಟ್ಟುಕೊಂಡು ಊದಿಸಿ.

ಡಿಸ್ಕ್‌ನ ಹಿಂಬದಿಯಲ್ಲಿ ಎರಡು ಬಾಯಿ ಇವೆ. ಕಿರಿದು ಡೇಟಾದ್ದು, ಏಳು ಪಿನ್. ಅಗಲದ್ದು ಪವರ್‌ದು, ಹದಿನೈದು ಪಿನ್. ಎರಡರ ತುದಿಯಲ್ಲೂ ಒಂದು ಕಡೆ ಸಣ್ಣದಾಗಿ ಮಡಚಿದ ಮೂಲೆ ಇದೆ, ಕೇಬಲ್‌ನಲ್ಲೂ ಅದೇ ಆಕಾರ. ಮೂಲೆಗೆ ಮೂಲೆ ಹೊಂದಿಸಿ ನೇರ ತಳ್ಳಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ತಳ್ಳಿದರೂ ಹೋಗ್ತಿಲ್ಲ ಅಂದರೆ ತಿರುಗಾಮುರುಗಾ ಹಿಡಿದಿದ್ದೀರಿ. ಜೋರು ಮಾಡಿದರೆ ಮುರಿಯುವುದು ಕೇಬಲ್ ಅಲ್ಲ, ಡಿಸ್ಕ್‌ನ ಕಡೆಯ ಪ್ಲಾಸ್ಟಿಕ್ ನಾಲಿಗೆ. ಅದು ಮುರಿದರೆ ವಾರಂಟಿಯವರು ಮುಖ ತಿರುಗಿಸುತ್ತಾರೆ. ಕೇಬಲ್‌ಗೆ ಉಕ್ಕಿನ ಕ್ಲಿಪ್ ಇದ್ದರೆ ತೆಗೆಯುವಾಗ ಅದನ್ನು ಒತ್ತಿ ಎಳೆಯಿರಿ.

ಪವರ್ ಕೇಬಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಎಸ್‌ಎಂಪಿಎಸ್‌ನಿಂದ, ಅಂದರೆ ಕ್ಯಾಬಿನೆಟ್ ಒಳಗಿನ ಕರೆಂಟ್ ಪೆಟ್ಟಿಗೆಯಿಂದ, ನೇರ ಬರುವ ಸಾಟಾ ಪವರ್ ತುದಿ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಅಂಗಡಿಯವರು ಹಳೆಯ ನಾಲ್ಕು ಪಿನ್ ತುದಿಯಿಂದ ಸಾಟಾಗೆ ಬದಲಿಸುವ ಒಂದು ಕನ್ವರ್ಟರ್ ಕೊಡುತ್ತಾರೆ. ಅದರಲ್ಲಿ ತಂತಿಗಳ ತುದಿಯನ್ನು ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದು ಮುಚ್ಚಿದ ಅಗ್ಗದ ಜಾತಿ ಇದೆ, ಅದನ್ನು ಕಂಡರೆ ನನಗೆ ಆಗುವುದಿಲ್ಲ. ಒಳಗೆ ಪಿನ್‌ಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಕೂತಿರುತ್ತವೆ. ಕೆಲವು ತಿಂಗಳು ಚೆನ್ನಾಗಿರುತ್ತದೆ, ಒಂದು ದಿನ ಕರಗಿ, ಸುಟ್ಟ ವಾಸನೆ ಬಂದು, ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ತಂತಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಿ, ಹಿಂದೆ ಮುಚ್ಚಳ ಹಾಕಿದ್ದು ಸಿಕ್ಕರೆ ತೆಗೆದುಕೊಳ್ಳಿ. ಸಿಗದಿದ್ದರೆ ಒಳ್ಳೆಯ ಎಸ್‌ಎಂಪಿಎಸ್‌ಗೇ ದುಡ್ಡು ಹಾಕಿ. ಹಾರ್ಡ್ ಡಿಸ್ಕ್ ಓಡುವಾಗ ತಿನ್ನುವ ಕರೆಂಟ್ ಹತ್ತು ವ್ಯಾಟ್‌ಗಿಂತ ಕಡಿಮೆಯೇ. ಆದರೆ ಆನ್ ಮಾಡಿದ ಆ ಕ್ಷಣ ತಟ್ಟೆಗಳು ತಿರುಗಲು ಶುರುವಾಗಬೇಕಲ್ಲ, ಆಗ ಎರಡು ಪಟ್ಟಿಗೂ ಹೆಚ್ಚು ಎಳೆಯುತ್ತದೆ. ಸುಸ್ತಾದ ಎಸ್‌ಎಂಪಿಎಸ್ ಸೋಲುವುದು ಅಲ್ಲೇ. ಎರಡನೇ ಡಿಸ್ಕ್ ಹಾಕಿದ ಮೇಲೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಡಿಸ್ಕನ್ನು ಬೈಯುವ ಮೊದಲು ಎಸ್‌ಎಂಪಿಎಸ್ ನೋಡಿ.

ಡಿಸ್ಕ್ ಅಡ್ಡವಾಗಿ ಇರಲಿ, ನಿಂತಿರಲಿ, ತೊಂದರೆ ಇಲ್ಲ. ನಾಲ್ಕೂ ಸ್ಕ್ರೂ ಬಿಗಿಯಾಗಿರಲಿ. ಕ್ಯಾಬಿನೆಟ್ ತಳದಲ್ಲಿ ಸುಮ್ನೆ ಮಲಗಿಸಿ ಬಿಡುವವರನ್ನೂ ನೋಡಿದ್ದೇನೆ. ಎಸ್‌ಎಸ್‌ಡಿ ಆದರೆ ನಡೆಯುತ್ತದೆ. ನಿಮಿಷಕ್ಕೆ 5400, 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ಗೆ ಆ ನಡುಕ ಆಗಿಬರುವುದಿಲ್ಲ. ಎರಡು ಡಿಸ್ಕ್ ಇದ್ದರೆ ನಡುವೆ ಒಂದು ಮನೆ ಖಾಲಿ ಬಿಡಿ, ಗಾಳಿ ಆಡಲಿ. ಏಪ್ರಿಲ್-ಮೇನಲ್ಲಿ ಹೊರಗೇ 40 ಡಿಗ್ರಿ ದಾಟುವ ಊರು ನಮ್ಮದು, ಕ್ಯಾಬಿನೆಟ್ ಒಳಗೆ ಇನ್ನೂ ಮೇಲೆ. ಸಾಮಾನ್ಯ ಹಾರ್ಡ್ ಡಿಸ್ಕ್‌ಗೆ ಕಂಪನಿಯವರು ಹೇಳುವ ಮಿತಿ 60 ಡಿಗ್ರಿ.

ಕೊನೆಗೆ ನಿಮ್ಮ ಕೆಲಸದ ವಿಷಯ. 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದರೆ ಗಂಟೆಗೆ 45 ಜಿಬಿ. ಅಕ್ಷತೆಯಿಂದ ಆರತಕ್ಷತೆವರೆಗೆ ಎರಡು ಕ್ಯಾಮೆರಾ ಓಡಿದರೆ ಸಿ ಕೆಂಪಾಗದೆ ಇನ್ನೇನಾಗುತ್ತೆ? ಈಗ ಎಡಿಟ್ ಮಾಡುತ್ತಿರುವ ಒಂದು ಮದುವೆ ಮಾತ್ರ ಎಸ್‌ಎಸ್‌ಡಿಯಲ್ಲಿ ಇರಲಿ. ಮುಗಿದದ್ದನ್ನೆಲ್ಲ ಹೊಸ ಡಿಸ್ಕ್‌ಗೆ ಸಾಗಿಸಿ. ಇನ್ನೊಂದು, ನಿಮ್ಮ ಕಡೆಯವರು ಫೋಲ್ಡರ್‌ಗಳನ್ನೆಲ್ಲ ಡೆಸ್ಕ್‌ಟಾಪ್ ಮೇಲೇ ಸುರಿದಿರುತ್ತಾರೆ. ಡೆಸ್ಕ್‌ಟಾಪ್ ಅನ್ನೋದು ಸಿ ಒಳಗೇ ಇರುವ ಜಾಗ. ಎರಡನೇ ಡಿಸ್ಕ್ ಹಾಕಿದರೂ ಅಭ್ಯಾಸ ಬಿಡದಿದ್ದರೆ ಸಿ ಮತ್ತೆ ಕೆಂಪಾಗುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳ ಪ್ರಾಪರ್ಟೀಸ್‌ನಲ್ಲಿ ‘ಲೊಕೇಶನ್’ ಅಂತ ಇದೆ. ಹೊಸ ಡಿಸ್ಕ್‌ನಲ್ಲಿ ‘ಡೆಸ್ಕ್‌ಟಾಪ್’ ಹೆಸರಿನದೇ ಒಂದು ಫೋಲ್ಡರ್ ಮಾಡಿ, ಅಲ್ಲಿ ‘ಮೂವ್’ ಒತ್ತಿ ಅದನ್ನು ತೋರಿಸಿ. ಫೋಲ್ಡರ್ ಮಾಡದೆ ನೇರ ಡಿ ಡ್ರೈವನ್ನೇ ತೋರಿಸಿದರೆ ಡ್ರೈವ್ ಪೂರ್ತಿ ಡೆಸ್ಕ್‌ಟಾಪ್ ಆಗಿ ಕೂರುತ್ತದೆ, ಬಿಡಿಸುವುದು ರಗಳೆ.

ಗಿರಾಕಿಗೆ ಆಲ್ಬಮ್ ಕೊಡುವವರೆಗೆ ಮದುವೆಯ ಒಂದು ಕಾಪಿ ಹೊರಗಿನ ಯುಎಸ್‌ಬಿ ಡಿಸ್ಕ್‌ನಲ್ಲೂ ಇರಬೇಕು. ಅದು ಸ್ಟುಡಿಯೋದಲ್ಲಿ ಅಲ್ಲ, ಮನೆಯಲ್ಲಿ. ಮುಂಗಾರಿನ ಮುಂಚಿನ ಸಿಡಿಲು ಮಳೆಗೆ ಒಂದು ಏಟು ಬಿದ್ದರೆ ಒಂದೇ ಕ್ಯಾಬಿನೆಟ್‌ನ ಎರಡೂ ಡಿಸ್ಕ್ ಒಟ್ಟಿಗೆ ಹೋಗಬಹುದು. ತಾಳಿ ಕಟ್ಟೋ ಫೋಟೊ ಮತ್ತೆ ತೆಗೆಯಲು ಬರುತ್ತದಾ?

ಹೊಸ 1 ಟಿಬಿ ಡಿಸ್ಕ್ ಹಾಕಿಸಿದೆ. ಕಂಪ್ಯೂಟರ್ 931 ಜಿಬಿ ಅಂತ ತೋರಿಸುತ್ತೆ. 69 ಜಿಬಿ ಎಲ್ಲಿ ಹೋಯಿತು? ಅಂಗಡಿಯವನು ಮೋಸ ಮಾಡಿದನಾ? — ನವನಗರ, ಬಾಗಲಕೋಟೆ

ಇಲ್ಲ, ಪಾಪ, ಅವರ ಮೇಲೆ ಸಿಟ್ಟಾಗಬೇಡಿ. ಡಿಸ್ಕ್ ಕಂಪನಿಯವರು 1 ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್ ಅಂತ ಸಾವಿರದ ಲೆಕ್ಕ ಹಿಡಿಯುತ್ತಾರೆ. ವಿಂಡೋಸ್ 1024ರಿಂದ ಭಾಗಿಸುತ್ತದೆ. ಅದೇ ಬೈಟ್‌ಗಳು, ಭಾಗಾಕಾರ ಬೇರೆ. 931 ಬಂದಿದೆ ಅಂದರೆ ಪೂರ್ತಿ 1 ಟಿಬಿಯೇ ಬಂದಿದೆ.

ಮೋಸ ಆಗುವ ಜಾಗ ಬೇರೆ ಇದೆ. ಬಳಸಿದ ಡಿಸ್ಕನ್ನು ಒರೆಸಿ ಹೊಸದು ಅಂತ ಮಾರುವುದುಂಟು, ಸಿಸಿಟಿವಿ ಪೆಟ್ಟಿಗೆಯಿಂದ ಕಿತ್ತದ್ದೂ ಬರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿ. ‘ಪವರ್ ಆನ್ ಅವರ್ಸ್’ ಎದುರು ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ. ಹೊಸದರಲ್ಲಿ ಒಂದೆರಡು ಗಂಟೆ ಇರಬಹುದು. ಸಾವಿರಗಟ್ಟಲೆ ಇದ್ದರೆ ಬಿಲ್ ಹಿಡಿದು ಅವತ್ತೇ ಅಂಗಡಿಗೆ ಹೋಗಿ. ಬಿಲ್ ಇಸ್ಕೊಂಡಿದ್ದೀರಿ ತಾನೆ?

ನಾನು ನಿವೃತ್ತ ಶಿಕ್ಷಕ. ಹಳೇ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ತೆಗೆದಿಟ್ಟಿದ್ದೇನೆ. ಅದರಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಲೇಖನಗಳಿವೆ. ಹೊಸ ಕಂಪ್ಯೂಟರ್‌ಗೆ ಎರಡನೇ ಡಿಸ್ಕ್ ಆಗಿ ಹಾಕಬಹುದೇ? ಅದಕ್ಕೆ ಅಗಲವಾದ ಪಟ್ಟಿ ಕೇಬಲ್ ಇದೆ. — ಟಿಳಕವಾಡಿ, ಬೆಳಗಾವಿ

ಗುರುಗಳೇ, ಅಗಲ ಪಟ್ಟಿ ಕೇಬಲ್ ಅಂದರೆ ಅದು ಐಡಿಇ ಡಿಸ್ಕ್, 40 ಪಿನ್‌ನದು. ಈಗಿನ ಬೋರ್ಡ್‌ಗಳಲ್ಲಿ ಆ ಬಾಯಿಯೇ ಇಲ್ಲ. ಒಳಗೆ ಕೂರಿಸುವ ಗೋಜು ಬಿಡಿ, ಅಷ್ಟು ವಯಸ್ಸಾದ ಡಿಸ್ಕ್ ಮೇಲೆ ಹೊಸ ಭಾರ ಹಾಕುವುದೂ ಬೇಡ. ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಅದರ ಜೊತೆ ಗೋಡೆ ಪ್ಲಗ್‌ಗೆ ಹಾಕುವ ಬೇರೆ ಪವರ್ ಇರಬೇಕು. ಬರೀ ಯುಎಸ್‌ಬಿ ಕರೆಂಟ್‌ನಲ್ಲಿ ಆ ಡಿಸ್ಕ್ ತಿರುಗುವುದಿಲ್ಲ, ಅದಕ್ಕೆ 12 ವೋಲ್ಟ್ ಬೇಕು. ಡಿಸ್ಕ್ ಹಿಂದೆ ಒಂದು ಪುಟ್ಟ ಜಂಪರ್ (ಪಿನ್‌ಗಳ ಮೇಲೆ ಕೂರುವ ಪ್ಲಾಸ್ಟಿಕ್ ಟೋಪಿ) ಇದೆ. ಅದನ್ನು ‘ಮಾಸ್ಟರ್’ ಜಾಗದಲ್ಲಿಡಿ. ಚಿತ್ರ ಡಿಸ್ಕ್‌ನ ಲೇಬಲ್ ಮೇಲೇ ಇರುತ್ತದೆ.

ಸಿಕ್ಕಿಸಿದಾಗ ವಿಂಡೋಸ್ ‘ಫಾರ್ಮ್ಯಾಟ್ ಮಾಡಲಾ’ ಅಂತ ಕೇಳಿದರೆ ‘ಕ್ಯಾನ್ಸಲ್’ ಒತ್ತಿ. ‘ಇನಿಷಿಯಲೈಸ್’ ಅಂದರೂ ಕ್ಯಾನ್ಸಲ್. ಮೇಲೆ ಗುಳೇದಗುಡ್ಡದವರಿಗೆ ಹೇಳಿದ್ದು ಖಾಲಿ ಡಿಸ್ಕ್‌ನ ಮಾತು, ನಿಮಗೆ ಅದು ಅನ್ವಯಿಸುವುದಿಲ್ಲ. ಹಳೆಯ ಫೋಲ್ಡರ್ ತೆಗೆಯುವಾಗ ಅನುಮತಿ ಇಲ್ಲ ಅಂದರೆ ‘ಕಂಟಿನ್ಯೂ’ ಒತ್ತಿ, ತೆರೆದುಕೊಳ್ಳುತ್ತದೆ.

ಫೈಲ್ ಕಾಪಿ ಆದ ಮೇಲೆ ತೆಗೆದು ನೋಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಬಹುದು. ಗಾಬರಿ ಬೇಡ, ಲೇಖನ ಹಾಳಾಗಿಲ್ಲ. ಆ ಕಾಲದ ನುಡಿ ಫೈಲ್‌ಗಳು ಈಗಿನ ಕಂಪ್ಯೂಟರ್‌ಗಳಿಗೆಲ್ಲ ಅರ್ಥವಾಗುವ ಯೂನಿಕೋಡ್ ಅಲ್ಲ, ಅದೇ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಹಳೆಯ ಡಿಸ್ಕ್‌ನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ನಿಂದ ನುಡಿ ಹೆಸರಿನವನ್ನೆಲ್ಲ ಎತ್ತಿಕೊಂಡು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿ. ಆಮೇಲೆ ನಿಧಾನವಾಗಿ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಇದ್ದಲ್ಲಿ ಒಂದು ಸಲ ಕಣ್ಣಾಡಿಸಿ. ತಿದ್ದುವುದು ನಿಮಗೆ ಹೊಸದಲ್ಲವಲ್ಲ.

ಗೆಳೆಯನ ಹಳೇ ಹಾರ್ಡ್ ಡಿಸ್ಕನ್ನು ನನ್ನ ಕಂಪ್ಯೂಟರ್‌ಗೆ ಹಾಕಿದೆ. ಈಗ ನನ್ನ ವಿಂಡೋಸ್ ಬರ್ತಿಲ್ಲ, ಅವನ ಹಳೇ ವಿಂಡೋಸ್ ಶುರುವಾಗಿ ಅರ್ಧಕ್ಕೆ ನಿಲ್ಲುತ್ತೆ. — ಬಿಸಿಎ ವಿದ್ಯಾರ್ಥಿ, ವಿಜಯಪುರ

ಬಯಾಸ್‌ನಲ್ಲಿ ಬೂಟ್ ಕ್ರಮ (ಯಾವ ಡಿಸ್ಕ್‌ನಿಂದ ಮೊದಲು ಶುರುವಾಗಬೇಕು ಅನ್ನೋದು) ಬದಲಾಗಿದೆ ತಮ್ಮಾ. ನಿನ್ನ ಡಿಸ್ಕನ್ನು ಮೊದಲಿಗೆ ತಂದು ಎಫ್10 ಒತ್ತಿ ಸೇವ್ ಮಾಡು, ಬಹುತೇಕ ಬೋರ್ಡ್‌ಗಳಲ್ಲಿ ಅದೇ ಕೀ. ನಿನ್ನ ವಿಂಡೋಸ್ ಬಂದ ಮೇಲೆ ಅವನ ಫೈಲ್ ಅವನಿಗೆ ಕೊಟ್ಟು, ಡಿಸ್ಕ್ ಪೂರ್ತಿ ಅಳಿಸಿ ಬಳಸಿಕೋ.

ಮುಂದೆ ಯಾವತ್ತಾದರೂ ವಿಂಡೋಸ್ ಹೊಸದಾಗಿ ಹಾಕುವಾಗ ಎರಡನೇ ಡಿಸ್ಕ್‌ನ ಡೇಟಾ ಕೇಬಲ್ ಕಿತ್ತಿಡು. ಎರಡೂ ಸಿಕ್ಕಿಸಿ ಹಾಕಿದರೆ ವಿಂಡೋಸ್ ಒಂದು ಡಿಸ್ಕ್‌ನಲ್ಲಿ ಕೂತು, ಅದನ್ನು ಎಬ್ಬಿಸುವ ಬೂಟ್ ಫೈಲ್ ಇನ್ನೊಂದರಲ್ಲಿ ಹೋಗಿ ಕೂರುವುದುಂಟು. ಆಮೇಲೆ ಎರಡನೇ ಡಿಸ್ಕ್ ತೆಗೆದ ದಿನ ಮೊದಲನೆಯದೂ ಏಳುವುದಿಲ್ಲ.

ನಾವು ಬೆಲ್ಲದ ವ್ಯಾಪಾರಿಗಳು, ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಎರಡು ಡಿಸ್ಕ್ ಹಾಕಿ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗೇ ಬೀಳುವ ಹಾಗೆ ಮಾಡಿಸಿದರೆ ಬ್ಯಾಕಪ್ ಚಿಂತೆ ಇಲ್ಲ ಅಂತಾರೆ. ಹೌದಾ? — ಅಥಣಿ

ಅದಕ್ಕೆ ರೇಡ್ 1 ಅನ್ನುತ್ತಾರೆ. ಮಾಡಿಸಬಹುದು, ಆದರೆ ಚಿಂತೆ ಹೋಗುವುದಿಲ್ಲ. ಒಂದು ಡಿಸ್ಕ್ ಸತ್ತರೆ ಅಂಗಡಿ ನಿಲ್ಲದೆ ನಡೆಯುತ್ತದೆ, ಅಷ್ಟೇ ಲಾಭ. ಹುಡುಗ ತಪ್ಪಿ ಟ್ಯಾಲಿಯಲ್ಲಿ ಒಂದು ಕಂಪನಿಯ ಲೆಕ್ಕವನ್ನೇ ಡಿಲೀಟ್ ಮಾಡಿದರೆ ಅದೇ ಕ್ಷಣ ಎರಡರಲ್ಲೂ ಡಿಲೀಟ್. ಫೈಲ್‌ಗೆ ಬೀಗ ಹಾಕುವ ವೈರಸ್ ಬಂದರೂ ಎರಡಕ್ಕೂ ಬೀಗ. ಟ್ಯಾಲಿ ಡೇಟಾ ತೀರಾ ದೊಡ್ಡದಲ್ಲ. ಟ್ಯಾಲಿಯದೇ ಬ್ಯಾಕಪ್ ಆಯ್ಕೆಯಿಂದ ದಿನಾ ಸಂಜೆ ಗಲ್ಲಾ ಮುಚ್ಚುವ ಹೊತ್ತಿಗೆ ಎರಡನೇ ಡಿಸ್ಕ್‌ನಲ್ಲಿ ಆ ದಿನದ ತಾರೀಖಿನ ಫೋಲ್ಡರ್ ಮಾಡಿ ಹಾಕಿ. ವಾರಕ್ಕೊಮ್ಮೆ ಪೆನ್ ಡ್ರೈವ್‌ಗೆ ಹಾಕಿ ಮನೆಗೆ ಒಯ್ಯಿರಿ. ಪೆನ್ ಡ್ರೈವನ್ನು ಕಂಪ್ಯೂಟರ್‌ಗೇ ಸಿಕ್ಕಿಸಿಟ್ಟು ಬರಬೇಡಿ.

ಎರಡನೇ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಿದೆ. ಒಮ್ಮೆ ಕಾಣುತ್ತೆ, ಒಮ್ಮೆ ಇಲ್ಲ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತೆ ಅಂತ ಯಾರೋ ಹೇಳಿದರು. — ಜಮಖಂಡಿ

ಫ್ರಿಜ್‌ನಲ್ಲಿ ಮೊಸರು ಇಡಿ. ಡಿಸ್ಕ್ ಇಟ್ಟರೆ ಒಳಗೆ ನೀರಿನ ಪಸೆ ಕೂರುತ್ತದೆ.

ಈಗಲೇ ಆಫ್ ಮಾಡಿ. ಪವರ್ ಕೇಬಲ್ ಒಮ್ಮೆ ಬದಲಿಸಿ ನೋಡಿ, ಸಡಿಲ ಪವರ್‌ಗೂ ಇದೇ ಸದ್ದು ಬರುವುದುಂಟು. ಆದರೂ ಟಕ್ ಟಕ್ ನಿಲ್ಲದಿದ್ದರೆ ಓದುವ ತಲೆ ಸೋತಿರುವ ಸಾಧ್ಯತೆ ಜಾಸ್ತಿ. ಒಳಗೆ ನಿಮಗೆ ಬಹಳ ಬೇಕಾದದ್ದು ಇದ್ದರೆ ಮತ್ತೆ ಆನ್ ಮಾಡಬೇಡಿ, ಡೇಟಾ ತೆಗೆದುಕೊಡುವವರ ಕೈಗೆ ಹಾಗೇ ಕೊಡಿ. ಖರ್ಚು ಜಾಸ್ತಿಯೇ, ಮೊದಲೇ ಕೇಳಿಕೊಳ್ಳಿ. ಅಷ್ಟು ಮುಖ್ಯವಲ್ಲ, ಹೋದರೆ ಹೋಗಲಿ ಅನ್ನುವುದಾದರೆ ಡಿಸ್ಕ್ ಕಂಡ ಹೊತ್ತಲ್ಲಿ ಮೊದಲು ಸಣ್ಣ ಫೈಲ್‌ಗಳನ್ನು ಎತ್ತಿಕೊಳ್ಳಿ. ಆಸ್ತಿ ಕಾಗದದ ಸ್ಕ್ಯಾನ್, ಮನೆಯವರ ಫೋಟೊ ಮೊದಲು. ಸಿನಿಮಾ ಕೊನೆಗೆ.